ಸರ್ರಿಯಲಿಸಂ ಅರ್ಥವಾಗಬೇಕೇ? ಮೊದಲು ಪೆನ್ಸಿಲ್ ಹಿಡಿಯಿರಿ

1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಸೇಂಟ್-ದಿಜಿಯೆ ಊರಿನ ಮಿಲಿಟರಿ ಮನೋರೋಗ ಆಸ್ಪತ್ರೆಯಲ್ಲಿ ಒಬ್ಬ ಸೈನಿಕನಿದ್ದ. ಓದಿದವನು, ಮಾತು ಬಲ್ಲವನು. ಆದರೆ ಯುದ್ಧ ನಡೆಯುತ್ತಿದೆ ಅನ್ನುವುದನ್ನೇ ಅವನು ಒಪ್ಪುತ್ತಿರಲಿಲ್ಲ. ಶೆಲ್‌ಗಳು ನಕಲಿ, ಗಾಯಗಳು ಬರೀ ಬಣ್ಣ, ಎಲ್ಲ ಸೇರಿ ನನ್ನ ಮುಂದೆ ನಾಟಕ ಆಡುತ್ತಿದ್ದಾರೆ ಎಂದು ಅವನ ವಾದ. ಅದಕ್ಕೇ ರಣರಂಗದಲ್ಲಿ ಕಂದಕದ ಮೇಲೆ ಹತ್ತಿ ನಿಂತು, ಹಾರಿ ಬರುವ ಶೆಲ್‌ಗಳಿಗೆ ಬೆರಳಿನಿಂದ ದಾರಿ ತೋರಿಸುತ್ತಿದ್ದನಂತೆ. ಆಸ್ಪತ್ರೆಯಲ್ಲಿ ಅವನ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದವನು 20 ವರ್ಷದ ಒಬ್ಬ ವೈದ್ಯ ವಿದ್ಯಾರ್ಥಿ. ಹೆಸರು ಆಂದ್ರೆ ಬ್ರೆತೋಂ. ಎಂಟು ವರ್ಷ ಆದ ಮೇಲೆ, 1924ರ ಅಕ್ಟೋಬರ್‌ನಲ್ಲಿ, ಸರ್ರಿಯಲಿಸಂನ ಪ್ರಣಾಳಿಕೆ ಬರೆದವನು ಇವನೇ.

ಕನ್ನಡದಲ್ಲಿ ಅತಿವಾಸ್ತವವಾದ ಅನ್ನುತ್ತೇವೆ. ಆ ಪದ ಕೇಳಿದರೆ ಪರೀಕ್ಷೆಯ ಪ್ರಶ್ನೆಯ ನೆನಪಾಗುತ್ತದೆ. ಕರಗುವ ಗಡಿಯಾರದ ಚಿತ್ರ ನೋಡುತ್ತೇವೆ, ‘ಏನೋ ವಿಚಿತ್ರ’ ಅಂದುಕೊಂಡು ಮುಂದೆ ಹೋಗುತ್ತೇವೆ. ನಾನೂ ಬಹಳ ವರ್ಷ ಹಾಗೇ ಇದ್ದೆ. ಎಷ್ಟೋ ಲೇಖನ ಓದಿದರೂ ತಲೆಗೆ ಹತ್ತದ್ದು, ಒಂದು ಮಳೆಗಾಲದ ಮಧ್ಯಾಹ್ನ ಕರೆಂಟು ಹೋದಾಗ ಕಾಗದದ ಮೇಲೆ ಪೆನ್ಸಿಲ್ ಉಜ್ಜುತ್ತಾ ಕೂತಾಗ ಹತ್ತಿತು. ಈ ಜನ ಹೊಸ ಬಗೆಯ ಚಿತ್ರ ಕಂಡುಹಿಡಿಯುವುದಕ್ಕಿಂತ ಹೆಚ್ಚಾಗಿ ಹೊಸ ಬಗೆಯ ಕಸುಬು ಕಂಡುಹಿಡಿದರು. ಕಸುಬು ಅಂದಮೇಲೆ ಕೈಯಿಂದಲೇ ಕಲಿಯಬೇಕು, ಅಲ್ವಾ? ಕೆಳಗಿನ ಹೆಜ್ಜೆಗಳೆಲ್ಲ ಅವರೇ ಬಳಸಿದವು. ನಮ್ಮ ಭಾಷೆಗೆ, ನಮ್ಮ ಮನೆಯ ಸಾಮಾನಿಗೆ ಹೊಂದುವಂತೆ ಅಲ್ಲಲ್ಲಿ ತಿರುಗಿಸಿಕೊಂಡಿದ್ದೇನೆ.

ಬೇಕಾಗುವುದು ಇಷ್ಟು: ಗೆರೆಯಿಲ್ಲದ ಹಾಳೆ, ಮೆತ್ತನೆಯ ಕಪ್ಪು ಪೆನ್ಸಿಲ್ (6ಬಿ ಆದರೆ ಒಳ್ಳೆಯದು), ಕತ್ತರಿ, ಅಂಟು, ರದ್ದಿಗೆ ಹಾಕಬೇಕೆಂದಿರುವ ಹಳೇ ಪತ್ರಿಕೆಗಳು, ಒಂದು ಕಪ್ಪು ಪೋಸ್ಟರ್ ಕಲರ್ ಬಾಟಲಿ. ಜತೆಗೆ ನಾಚಿಕೆ ಬಿಟ್ಟ ನಾಲ್ಕು ಜನ.

ಶುರು ಮಾಡುವ ಮುಂಚೆ: ಇವರಿಗೆ ಯಾಕೆ ಇಷ್ಟು ಸಿಟ್ಟು?

ಇದನ್ನು ಹಾರಿಸಿಬಿಟ್ಟರೆ ಮುಂದಿನದೆಲ್ಲ ಬರೀ ಆಟವಾಗುತ್ತದೆ. ಅದಕ್ಕೇ ಐದು ನಿಮಿಷ ಕೊಡಿ.

ಯುರೋಪಿನವರು ತಮ್ಮ ಬುದ್ಧಿ, ವಿಜ್ಞಾನ, ತರ್ಕದ ಬಗ್ಗೆ ಬಹಳ ಹೆಮ್ಮೆ ಪಟ್ಟುಕೊಂಡವರು. ಅದೇ ಬುದ್ಧಿ 1914ರಿಂದ 1918ರವರೆಗೆ ಹತ್ತಿರ ಹತ್ತಿರ ಒಂದು ಕೋಟಿ ಸೈನಿಕರನ್ನು ಲೆಕ್ಕಾಚಾರ ಹಾಕಿ ಕೊಂದಿತು. ಕಂದಕದಿಂದ ಬದುಕಿ ಬಂದ ಹುಡುಗರಿಗೆ ‘ವಿವೇಕದಿಂದ ನಡೆದುಕೊಳ್ಳಿ’ ಎಂದು ಹಿರಿಯರು ಹೇಳಿದರೆ ಹೇಗನಿಸಬೇಕು? ಯುದ್ಧದಿಂದ ದೂರ ಉಳಿದಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನಲ್ಲಿ, 1916ರ ಫೆಬ್ರುವರಿಯಲ್ಲಿ, ಹ್ಯೂಗೋ ಬಾಲ್ ಮತ್ತು ಎಮ್ಮಿ ಹೆನ್ನಿಂಗ್ಸ್ ‘ಕ್ಯಾಬರೆ ವೋಲ್ತೇರ್’ ಎಂಬ ಜಾಗ ತೆರೆದರು. ಅಲ್ಲಿ ಟ್ರಿಸ್ಟಾನ್ ಜಾರಾ, ಹಾನ್ಸ್ ಆರ್ಪ್ ಮೊದಲಾದವರು ಸೇರಿ ಅರ್ಥವಿಲ್ಲದ ಕವಿತೆ ಕೂಗಿದರು, ತಗಡು ಬಡಿದರು. ಅದೇ ದಾದಾ. ದಾದಾದವರದು ಕೆಡವುವ ಕೆಲಸ. ಬ್ರೆತೋಂ ಮತ್ತು ಅವನ ಗೆಳೆಯರು ಪ್ಯಾರಿಸ್‌ನಲ್ಲಿ ಕೆಲಕಾಲ ಅದರಲ್ಲೇ ಇದ್ದರು. ಆಮೇಲೆ, ಬರೀ ಕೆಡವಿ ಏನು ಮಾಡುವುದು ಎಂಬ ಪ್ರಶ್ನೆ ಬಂತು.

ಉತ್ತರಕ್ಕೆ ಅವನು ಹೋದದ್ದು ಆಸ್ಪತ್ರೆಯ ನೆನಪಿಗೆ. ರೋಗಿಗಳು ತಡೆಯಿಲ್ಲದೆ ಮಾತಾಡುವುದನ್ನು ಅವನು ಕೇಳಿದ್ದ, ಕನಸು, ಒಳಮನಸ್ಸುಗಳನ್ನು ಬಗೆದು ನೋಡಿದ ವಿಯೆನ್ನಾದ ವೈದ್ಯ ಫ್ರಾಯ್ಡ್‌ನ ವಿಚಾರಗಳ ಪರಿಚಯವೂ ಅಲ್ಲೇ ಆಗಿತ್ತು. ಕಾವಲುಗಾರನಂತೆ ಕೂತ ಬುದ್ಧಿಯನ್ನು ಸ್ವಲ್ಪ ಹೊತ್ತು ಆಚೆ ಕಳಿಸಿದರೆ ಒಳಗಿನಿಂದ ಏನು ಬರುತ್ತದೆ? ಪ್ರಣಾಳಿಕೆಯಲ್ಲಿ ಅವನು ಕೊಟ್ಟ ವ್ಯಾಖ್ಯಾನದ ತಿರುಳು ಇಷ್ಟೇ: ಬುದ್ಧಿಯ ಹಿಡಿತವಿಲ್ಲದೆ, ಚೆಂದವೋ ಅಲ್ಲವೋ, ಸರಿಯೋ ತಪ್ಪೋ ಎಂದು ನೋಡದೆ, ಯೋಚನೆ ನಿಜವಾಗಿ ಹೇಗೆ ಓಡುತ್ತದೋ ಹಾಗೇ ಹೊರಗೆ ಹಾಕುವುದು.

‘ಸರ್ರಿಯಲಿಸ್ಟ್’ ಎಂಬ ಪದ ಮಾತ್ರ ಬ್ರೆತೋಂನದಲ್ಲ. ಕವಿ ಗಿಯೋಮ್ ಅಪೊಲಿನೇರ್ 1917ರಲ್ಲಿ ಹುಟ್ಟಿಸಿದ್ದು. ಅವನು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ನಡಿಗೆಯನ್ನು ಅನುಕರಿಸಬೇಕೆಂದು ಹೊರಟ ಮನುಷ್ಯ ಚಕ್ರ ಮಾಡಿದ, ಚಕ್ರವೋ ಕಾಲಿನ ಹಾಗೆ ಇಲ್ಲವೇ ಇಲ್ಲ. ಮುಂದೆ ಯಾವಾಗಲಾದರೂ ಸರ್ರಿಯಲಿಸ್ಟ್ ಚಿತ್ರದ ಮುಂದೆ ಗೊಂದಲವಾದರೆ ಈ ಚಕ್ರವನ್ನು ನೆನಪಿಸಿಕೊಳ್ಳಿ.

ಹೆಜ್ಜೆ 1: ಒಂದು ವಾರ ಕನಸಿನ ಪುಸ್ತಕ ಇಡಿ

ದಿಂಬಿನ ಪಕ್ಕ ಪುಸ್ತಕ, ಪೆನ್ಸಿಲ್ ಇಟ್ಟುಕೊಂಡು ಮಲಗಿ. ಪೆನ್ ಬೇಡ, ಮಲಗಿಕೊಂಡು ಬರೆದರೆ ಇಂಕ್ ಇಳಿಯುವುದಿಲ್ಲ. ಎದ್ದ ತಕ್ಷಣ ಫೋನ್ ಮುಟ್ಟಬೇಡಿ. ಒಂದೇ ಒಂದು ಮೆಸೇಜ್ ನೋಡಿದರೂ ಕನಸು ಹೋಯಿತು ಅಂತಲೇ ಲೆಕ್ಕ. ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋಗಿ. ‘ಹೋಗಿದ್ದೆ, ನೋಡಿದ್ದೆ’ ಎಂದು ಬರೆಯಬೇಡಿ. ‘ನಾನು ಬಸ್ಸಿನಲ್ಲಿದ್ದೇನೆ, ಕಂಡಕ್ಟರ್ ನನ್ನ ಅಜ್ಜಿ’ ಎಂದು ಈಗ ನಡೆಯುತ್ತಿರುವ ಹಾಗೆ ಬರೆಯಿರಿ. ಬಣ್ಣ, ವಾಸನೆ, ಲೆಕ್ಕ ಇವು ಜಾಸ್ತಿ ಮುಖ್ಯ. ಎಷ್ಟು ಮೆಟ್ಟಿಲಿತ್ತು, ಯಾವ ಬಣ್ಣದ ಬಕೆಟ್?

ಅರ್ಥ ಮಾತ್ರ ಹೇಳಬೇಡಿ. ಹಾವು ಬಂದರೆ ದೋಷ, ಹಲ್ಲು ಬಿದ್ದರೆ ಸಾವು ಎಂದು ಮನೆಯವರು ಶುರು ಮಾಡಿದರೆ ಪುಸ್ತಕ ಮುಚ್ಚಿಡಿ. ಫ್ರಾಯ್ಡ್‌ಗೂ ಸರ್ರಿಯಲಿಸ್ಟರಿಗೂ ಹೊಂದದೇ ಹೋದದ್ದು ಇಲ್ಲೇ. ವೈದ್ಯನಿಗೆ ಕನಸು ಒಂದು ಲಕ್ಷಣ, ಬಿಡಿಸಿ ನೋಡಿ ರೋಗ ಹುಡುಕಬೇಕು. ಇವರಿಗೆ ಕನಸೇ ಬೇಕಾದ ವಸ್ತು. ಬ್ರೆತೋಂ 1921ರಲ್ಲಿ ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್‌ನನ್ನು ಕಂಡ, ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದ.

ಕನಸನ್ನು ಅವರು ಎಷ್ಟು ಗಂಭೀರವಾಗಿ ತಗೊಂಡಿದ್ದರೆಂದರೆ, 1924ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಗ್ರೆನೆಲ್ ಬೀದಿಯ 15ನೇ ನಂಬರಿನಲ್ಲಿ ‘ಸರ್ರಿಯಲಿಸ್ಟ್ ಸಂಶೋಧನಾ ಕಚೇರಿ’ಯನ್ನೇ ತೆರೆದರು. ಜನ ಬಂದು ತಮ್ಮ ಕನಸು, ಕಾಕತಾಳೀಯ ಘಟನೆ ಹೇಳಿಕೊಳ್ಳಬಹುದಿತ್ತು. ಡಿಸೆಂಬರ್‌ನಲ್ಲಿ ಶುರುವಾದ ಅವರ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಕನಸುಗಳು ಅಚ್ಚಾದವು. ಪತ್ರಿಕೆಯ ರೂಪ ಬೇಕಂತಲೇ ವಿಜ್ಞಾನ ಪತ್ರಿಕೆಯ ಹಾಗಿತ್ತು. ಪ್ರಣಾಳಿಕೆಯಲ್ಲಿ ಇನ್ನೊಂದು ಪ್ರಸಂಗವಿದೆ: ಸೇಂಟ್-ಪೋಲ್-ರೂ ಎಂಬ ಕವಿ ಮಲಗುವ ಮುಂಚೆ ಬಾಗಿಲಿಗೆ ‘ಕವಿ ಕೆಲಸದಲ್ಲಿದ್ದಾನೆ’ ಎಂದು ಬೋರ್ಡು ಹಾಕಿಸುತ್ತಿದ್ದನಂತೆ. ನೀವೂ ಹಾಕಬಹುದು. ಭಾನುವಾರ ಬೆಳಿಗ್ಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಕೈ ತಡೆಯದೆ ಬರೆಯಿರಿ

ಇದು ಇಡೀ ಚಳವಳಿಯ ಬೇರು. 1919ರಲ್ಲಿ ಬ್ರೆತೋಂ ಮತ್ತು ಫಿಲಿಪ್ ಸೂಪೋ ದಿನಕ್ಕೆ ಎಂಟು-ಹತ್ತು ಗಂಟೆ ಕೂತು, ಕೆಲವೇ ದಿನಗಳಲ್ಲಿ ಒಂದು ಇಡೀ ಪುಸ್ತಕವನ್ನು ಹೀಗೆ ಬರೆದರು. ಅದಕ್ಕೆ ಕಾರಣವಾದದ್ದು ಒಂದು ರಾತ್ರಿ ನಿದ್ದೆ ಹತ್ತುವ ಹೊತ್ತಿಗೆ ಬ್ರೆತೋಂ ಕಿವಿಗೆ ತಾನಾಗಿ ಬಿದ್ದ ವಾಕ್ಯ. ‘ಕಿಟಕಿಯಿಂದ ಎರಡು ತುಂಡಾದ ಮನುಷ್ಯನೊಬ್ಬನಿದ್ದಾನೆ’ ಎಂಬರ್ಥದ್ದು.

ಪ್ರಣಾಳಿಕೆಯಲ್ಲಿ ಇದರ ವಿಧಾನವನ್ನು ಅಡುಗೆ ಪುಸ್ತಕದ ಹಾಗೆ ಬರೆದಿದ್ದಾನೆ. ಮನಸ್ಸು ತನ್ನ ಮೇಲೇ ನಿಲ್ಲುವಂಥ ಜಾಗದಲ್ಲಿ ಕೂತುಕೊಳ್ಳಿ. ನಿಮ್ಮ ಜಾಣತನ, ಪ್ರತಿಭೆ ಎಲ್ಲ ಮರೆತುಬಿಡಿ. ವಿಷಯ ಇಟ್ಟುಕೊಳ್ಳದೆ ವೇಗವಾಗಿ ಬರೆಯಿರಿ, ಎಷ್ಟು ವೇಗ ಅಂದರೆ ಹಿಂದಿನ ವಾಕ್ಯ ಓದಿ ನೋಡುವ ಆಸೆಯೇ ಹುಟ್ಟಬಾರದು. ಕೈ ನಿಂತುಬಿಟ್ಟರೆ? ಯಾವುದಾದರೂ ಒಂದು ಅಕ್ಷರ ಹಾಕಿ, ಉದಾಹರಣೆಗೆ ‘ಲ’, ಯಾವಾಗಲೂ ‘ಲ’, ಮುಂದಿನ ಪದ ಅದರಿಂದಲೇ ಶುರುವಾಗಲಿ ಎನ್ನುತ್ತಾನೆ.

ಇಲ್ಲಿ ನಾನು ಎಡವಿದೆ. ಅವನು ಹೇಳಿದ ಹಾಗೇ ‘ಲ’ ಇಟ್ಟುಕೊಂಡೆ. ಲಾಡು, ಲಂಗ, ಲಾಟೀನು, ಲೆಕ್ಕ, ಮುಗಿಯಿತು. ಫ್ರೆಂಚಿನಲ್ಲಿ ಹೆಸರುಪದಕ್ಕಿಂತ ಮೊದಲು ಬರುವ ‘ಲ’, ‘ಲೆ’ಗಳಿಂದ ವಾಕ್ಯ ಸಲೀಸಾಗಿ ಹೊರಡುತ್ತದೆ. ಕನ್ನಡದಲ್ಲಿ ಆ ಕೆಲಸಕ್ಕೆ ‘ಅ’ ಸರಿ. ಅದು, ಅವಳು, ಅಲ್ಲಿ, ಅಷ್ಟರಲ್ಲಿ, ಅಂದರೆ... ಬಾಗಿಲು ತಾನಾಗಿ ತೆಗೆಯುತ್ತದೆ.

ಇನ್ನೂ ಎರಡು ಮಾತು. ಗ್ರಾಂಥಿಕ ಕನ್ನಡದಲ್ಲಿ ಬರೆಯಬೇಡಿ, ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ. ಮಂಗಳೂರಿನವರು ಮಂಗಳೂರಿನ ಹಾಗೆ, ಧಾರವಾಡದವರು ಧಾರವಾಡದ ಹಾಗೆ. ಅಕಾರ-ಹಕಾರ, ಒತ್ತು-ದೀರ್ಘ ತಿದ್ದಲು ಹೋದಿರೋ, ಕಾವಲುಗಾರ ವಾಪಸ್ ಬಂದ. ಮತ್ತು ಫೋನಿನಲ್ಲಿ ಟೈಪ್ ಮಾಡಬೇಡಿ. ಕೀಬೋರ್ಡು ಮುಂದಿನ ಪದ ತಾನೇ ಸೂಚಿಸುತ್ತದೆ. ಆಗ ಬರುವುದು ನಿಮ್ಮ ಒಳಮನಸ್ಸಲ್ಲ, ಕಂಪನಿಯದು.

ಮೊದಲ ದಿನ 10 ನಿಮಿಷ ಸಾಕು. ನನಗೆ ಮೊದಲ ಪುಟದಲ್ಲಿ ಬಂದದ್ದು ಹೆಚ್ಚುಕಡಿಮೆ ದಿನಸಿ ಪಟ್ಟಿ. ಮೂರನೇ ದಿನ, ಎರಡನೇ ಪುಟದ ಕೊನೆಯಲ್ಲಿ, ‘ಅತ್ತೆಯ ಮೌನವನ್ನು ಹಗ್ಗದ ಮೇಲೆ ಒಣಗಹಾಕಿದ್ದಾರೆ’ ಅಂತ ಒಂದು ಸಾಲು. ನಾನು ಕೂತು ಯೋಚಿಸಿದ್ದರೆ ಅದು ಬರುತ್ತಿರಲಿಲ್ಲ. ಬ್ರೆತೋಂ ಮತ್ತು ಸೂಪೋ ಅಧ್ಯಾಯದಿಂದ ಅಧ್ಯಾಯಕ್ಕೆ ಬರೆಯುವ ವೇಗವನ್ನೂ ಬದಲಿಸಿ ನೋಡಿದ್ದರು. ನೀವೂ ಒಂದು ಪುಟ ಸಾಧಾರಣ ವೇಗದಲ್ಲಿ, ಒಂದು ಪುಟ ಕೈ ನೋಯುವ ವೇಗದಲ್ಲಿ ಬರೆದು ಪಕ್ಕಪಕ್ಕ ಇಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. 1922ರಲ್ಲಿ ಇವರು ಇನ್ನೂ ಮುಂದೆ ಹೋಗಿ, ಕತ್ತಲ ಕೋಣೆಯಲ್ಲಿ ಕೈ ಕೈ ಹಿಡಿದು ಕೂತು, ಮಂಪರಿನಲ್ಲಿ ಮಾತಾಡುವ ಪ್ರಯೋಗ ಶುರು ಮಾಡಿದರು. ರೆನೆ ಕ್ರೆವೆಲ್, ರೋಬೇರ್ ದೆಸ್ನೋಸ್ ಅದರಲ್ಲಿ ಪಳಗಿದರು. ಕೊನೆಗೆ ಅದು ಅಪಾಯದ ಮಟ್ಟಕ್ಕೆ ಹೋಗಿ, ನಿಲ್ಲಿಸಬೇಕಾಯಿತು. ಆ ಪ್ರಯೋಗವನ್ನು ಈ ಮಾರ್ಗದರ್ಶಿಯಲ್ಲಿ ಸೇರಿಸಿಲ್ಲ.

ಹೆಜ್ಜೆ 3: ನಾಲ್ಕು ಜನ ಸೇರಿ ‘ಸೊಗಸಾದ ಹೆಣ’

1925ರ ಸುಮಾರಿಗೆ ಪ್ಯಾರಿಸ್‌ನ ಶಾತೋ ಬೀದಿಯ 54ನೇ ನಂಬರಿನ ಮನೆಯಲ್ಲಿ ಈ ಆಟ ಹುಟ್ಟಿತು. ಒಬ್ಬೊಬ್ಬರು ಒಂದೊಂದು ಪದ ಬರೆದು, ಹಾಳೆ ಮಡಚಿ, ಮುಂದಿನವರಿಗೆ ಕೊಡುವುದು. ಮೊದಮೊದಲು ಬಂದ ವಾಕ್ಯ: ‘ಸೊಗಸಾದ ಹೆಣ ಹೊಸ ವೈನ್ ಕುಡಿಯಲಿದೆ’. ಆಟಕ್ಕೂ ಅದೇ ಹೆಸರು ನಿಂತಿತು.

ಕನ್ನಡದಲ್ಲಿ ಆಡುವಾಗ ಪದಗಳ ಸಾಲು ಬದಲಿಸಿಕೊಳ್ಳಬೇಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಹೀಗೆ ಆಡಿ:

1. ಮೊದಲನೆಯವರು ಒಂದು ಗುಣ ಬರೆಯಲಿ: ಒದ್ದೆಯಾದ, ಮುದಿ, ಹಸಿರು.
2. ಎರಡನೆಯವರು ಮಾಡುವವರನ್ನು: ತಹಶೀಲ್ದಾರ, ಕುಕ್ಕರ್, ಸೋದರಮಾವ.
3. ಮೂರನೆಯವರು ಇನ್ನೊಂದು ಗುಣ.
4. ನಾಲ್ಕನೆಯವರು ವಸ್ತು, ‘ಅನ್ನು’ ಸೇರಿಸಿ: ಮಜ್ಜಿಗೆಯನ್ನು, ಗುಡ್ಡವನ್ನು.
5. ಹಾಳೆ ಮತ್ತೆ ಮೊದಲನೆಯವರಿಗೆ. ಅವರು ಕ್ರಿಯಾಪದ ಬರೆಯಲಿ.

ಒಂದು ತೊಡಕಿದೆ. ಕನ್ನಡದ ಕ್ರಿಯಾಪದಕ್ಕೆ ಲಿಂಗ ಬೇಕು. ಹೊಲಿದನೋ, ಹೊಲಿದಳೋ, ಹೊಲಿಯಿತೋ? ಮಡಚಿದ ಹಾಳೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲವಲ್ಲ. ನಾವು ಮೊದಲು ಹಾಳೆ ಬಿಚ್ಚಿದ ಮೇಲೆ ಸರಿ ಮಾಡುತ್ತಿದ್ದೆವು. ಆಮೇಲೆ ಬಿಟ್ಟುಬಿಟ್ಟೆವು. ‘ಒದ್ದೆಯಾದ ತಹಶೀಲ್ದಾರ ಉದ್ದನೆಯ ಮಜ್ಜಿಗೆಯನ್ನು ಹೊಲಿಯಿತು’ ಎಂದು ಬಂದಾಗ ಆ ‘ಹೊಲಿಯಿತು’ವಿನಲ್ಲೇ ಅರ್ಧ ಮಜವಿತ್ತು. ಫ್ರೆಂಚಿನವರಿಗೆ ಈ ಭಾಗ್ಯವಿಲ್ಲ.

ಚಿತ್ರದಲ್ಲೂ ಆಡಬಹುದು. ಉದ್ದನೆಯ ಹಾಳೆಯನ್ನು ನಾಲ್ಕಾಗಿ ಮಡಚಿ. ತಲೆ, ಎದೆ, ಸೊಂಟ, ಕಾಲು. ಪ್ರತಿಯೊಬ್ಬರೂ ತಮ್ಮ ಗೆರೆಗಳ ತುದಿಯನ್ನು ಮಡಿಕೆಯ ಕೆಳಗೆ ಕೂದಲೆಳೆಯಷ್ಟು ಇಳಿಸಿ ಬಿಡಬೇಕು, ಮುಂದಿನವರು ಅಲ್ಲಿಂದ ಎಳೆದುಕೊಂಡು ಹೋಗುತ್ತಾರೆ. ಎಲ್ಲರೂ ಒಂದೇ ಬಣ್ಣದ ಪೆನ್ಸಿಲ್ ಬಳಸಿ. ಆಗ ಯಾರು ಬರೆದದ್ದು ಎಂದು ಹೇಳಲಾಗದ ಒಂದು ಪ್ರಾಣಿ ಎದ್ದು ಬರುತ್ತದೆ. ಕಲೆ ಅಂದರೆ ಒಬ್ಬ ಮಹಾ ಪ್ರತಿಭಾವಂತನ ಸೊತ್ತು ಎಂಬ ನಂಬಿಕೆಯನ್ನು ಇವರು ಹೊಡೆದದ್ದು ಹೀಗೆ, ನಗುನಗುತ್ತಾ.

ಹೆಜ್ಜೆ 4: ಉಜ್ಜಿ, ಆಮೇಲೆ ನೋಡಿ

ಈವರೆಗೆ ಬಂದದ್ದೆಲ್ಲ ಹೆಚ್ಚಾಗಿ ಮಾತಿನ ಕೆಲಸ ಎಂದು ಗಮನಿಸಿದಿರಾ? ಇದು ಕವಿಗಳು ಶುರು ಮಾಡಿದ ಚಳವಳಿ. ಮೊದಲ ಪ್ರಣಾಳಿಕೆಯಲ್ಲಿ ಚಿತ್ರಕಾರರ ಹೆಸರು ಬರುವುದು ಒಂದು ಅಡಿಟಿಪ್ಪಣಿಯಲ್ಲಿ. ಸರ್ರಿಯಲಿಸ್ಟ್ ಚಿತ್ರ ಎಂಬುದು ಇರಲು ಸಾಧ್ಯವೇ ಎಂದು ಅವರ ಪತ್ರಿಕೆಯಲ್ಲೇ ಜಗಳ ನಡೆಯಿತು. ಪ್ರಶ್ನೆ ನ್ಯಾಯವಾದದ್ದೇ. ಬರೆಯುವಾಗ ಬುದ್ಧಿಗಿಂತ ಕೈ ಮುಂದೆ ಓಡಬಹುದು. ತಿಂಗಳುಗಟ್ಟಲೆ ಎಣ್ಣೆಬಣ್ಣ ಹಚ್ಚುತ್ತಾ ಕೂತವನು ಬುದ್ಧಿಯನ್ನು ಆಚೆ ಕಳಿಸುವುದು ಹೇಗೆ?

ಮ್ಯಾಕ್ಸ್ ಅರ್ನ್ಸ್ಟ್ ಎಂಬ ಜರ್ಮನ್ ಕಲಾವಿದನಿಗೆ ದಾರಿ ಸಿಕ್ಕಿತು. 1925ರ ಆಗಸ್ಟ್ 10, ಫ್ರಾನ್ಸಿನ ಸಮುದ್ರ ತೀರದ ಪೋರ್ನಿಕ್, ಹೊರಗೆ ಮಳೆ. ತಂಗಿದ್ದ ಹೋಟೆಲಿನ ಮರದ ನೆಲ ತಿಕ್ಕಿ ತಿಕ್ಕಿ ಸವೆದು ಅದರ ನಾರುಗಳು ಎದ್ದಿದ್ದವು. ನೋಡುತ್ತಾ ನೋಡುತ್ತಾ ಅವನಿಗೆ ಬಿಡಲಾಗಲಿಲ್ಲ. ಹಾಳೆಗಳನ್ನು ಎಲ್ಲೆಂದರಲ್ಲಿ ಹಾಸಿ ಮೇಲೆ ಕಪ್ಪು ಸೀಸ ಉಜ್ಜಿದ. ಕಾಡು, ಹಕ್ಕಿ, ಸಮುದ್ರ ಎದ್ದು ಬಂದವು. ಮುಂದಿನ ವರ್ಷ ಇಂಥ 34 ಚಿತ್ರಗಳ ಸಂಪುಟ ತಂದ. ಈ ವಿಧಾನಕ್ಕೆ ಫ್ರೊತಾಜ್ ಎಂದು ಹೆಸರು. ಉಜ್ಜುವುದು ಅಂತಲೇ ಅರ್ಥ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಹಾಳೆ ಇಟ್ಟು ಉಜ್ಜಿದ್ದೇವಲ್ಲ, ಅದೇ.

ತೆಳು ಹಾಳೆ ತಗೊಳ್ಳಿ. ಪೆನ್ಸಿಲನ್ನು ಮಲಗಿಸಿ ಹಿಡಿದು, ಒಂದೇ ದಿಕ್ಕಿಗೆ, ಹಗುರವಾಗಿ ಉಜ್ಜಿ. ಗಟ್ಟಿಯಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ನನ್ನ ಮೊದಲ ನಾಲ್ಕು ಹಾಳೆ ಹಾಗೇ ಹೋದವು. ರೆಡ್ ಆಕ್ಸೈಡ್ ನೆಲ, ಟೈಲ್ಸ್ ಕೆಲಸಕ್ಕೆ ಬರುವುದಿಲ್ಲ, ಬಹಳ ನುಣುಪು. ಹಳೇ ಹಲಸಿನ ಮರದ ಬಾಗಿಲು, ಬಿದಿರಿನ ಮೊರ, ಚಾಪೆ, ತೆಂಗಿನ ನಾರು, ಹಾಗಲಕಾಯಿ ಸಿಪ್ಪೆ ಒಣಗಿಸಿದ್ದು, ಕಡಪ ಕಲ್ಲಿನ ಒರಟು ಬದಿ, ಇವೆಲ್ಲ ಚೆನ್ನಾಗಿ ಬರುತ್ತವೆ. ಒಂದರ ಮೇಲೆ ಒಂದು ಸೇರಿಸಿ.

ನಿಜವಾದ ಕೆಲಸ ಇನ್ನು ಮುಂದೆ. ಹಾಳೆಯನ್ನು ಗೋಡೆಗೆ ಆನಿಸಿ ಐದು ನಿಮಿಷ ಸುಮ್ನೆ ನೋಡಿ. ತಲೆಕೆಳಗು ಮಾಡಿ ಮತ್ತೆ ನೋಡಿ. ಏನೋ ಕಾಣುತ್ತದೆ: ಕಣ್ಣು, ಬೆಟ್ಟ, ಕೂತ ಕೋತಿ. ಕಂಡದ್ದಕ್ಕೆ ಎರಡೋ ಮೂರೋ ಗೆರೆ ಸೇರಿಸಿ, ಅಷ್ಟೇ. ಹತ್ತು ಗೆರೆ ಹಾಕಿದರೆ ನೀವು ಚಿತ್ರ ಬಿಡಿಸುತ್ತಿದ್ದೀರಿ, ಉಜ್ಜಿದ್ದು ದಂಡ.

ಇದೇ ಸಾಲಿನ ಇನ್ನೊಂದು ವಿಧಾನ ಎರಡು ನಿಮಿಷದ್ದು. ನುಣುಪು ಹಾಳೆಗೆ ಕಪ್ಪು ಪೋಸ್ಟರ್ ಕಲರ್ ಹಚ್ಚಿ, ಇನ್ನೊಂದು ಹಾಳೆ ಅದರ ಮೇಲಿಟ್ಟು ಒತ್ತಿ, ನಿಧಾನವಾಗಿ ಎಳೆಯಿರಿ. ಹವಳದ ದಿಬ್ಬದಂಥ ಗುರುತು ಮೂಡುತ್ತದೆ. ಕ್ಯಾನರಿ ದ್ವೀಪದ ಆಸ್ಕರ್ ಡೊಮಿಂಗೇಸ್ 1930ರ ದಶಕದಲ್ಲಿ ಇದನ್ನು ಗುಂಪಿಗೆ ತಂದ. ಬಣ್ಣ ಒಣಗಲು ಬಿಡಬೇಡಿ. ಬಿಟ್ಟರೆ ಎರಡೂ ಹಾಳೆ ಕಚ್ಚಿಕೊಳ್ಳುತ್ತವೆ.

ಹೆಜ್ಜೆ 5: ಸಂಬಂಧವಿಲ್ಲದವರ ಮದುವೆ

ಇಸಿದೋರ್ ದುಕಾಸ್ ಎಂಬ ಹುಡುಗ ಲೊಟ್ರೆಯಮೋಂ ಎಂಬ ಹೆಸರಿನಲ್ಲಿ ಬರೆದು, 1870ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ. ಬದುಕಿದ್ದಾಗ ಯಾರೂ ಕೇಳಿರಲಿಲ್ಲ. ಅವನ ಒಂದು ಹೋಲಿಕೆಯನ್ನು ಸರ್ರಿಯಲಿಸ್ಟರು ಮಂತ್ರದ ಹಾಗೆ ಹಿಡಿದುಕೊಂಡರು: ಹೆಣ ಕೊಯ್ಯುವ ಮೇಜಿನ ಮೇಲೆ ಹೊಲಿಗೆ ಯಂತ್ರ ಮತ್ತು ಛತ್ರಿ ಅಕಸ್ಮಾತ್ ಭೇಟಿಯಾದಷ್ಟು ಚೆಂದ. ಎರಡು ವಸ್ತು ಒಂದಕ್ಕೊಂದು ಎಷ್ಟು ದೂರವೋ, ಭೇಟಿಯಾದಾಗ ಕಿಡಿ ಅಷ್ಟು ಜೋರು.

ಕೊಲಾಜ್‌ಗೆ, ಅಂದರೆ ಕತ್ತರಿಸಿ ಅಂಟಿಸಿ ಮಾಡುವ ಚಿತ್ರಕ್ಕೆ, ಹಳೇ ಪತ್ರಿಕೆಗಳ ಜತೆ ಬೀಜ-ಗೊಬ್ಬರದ ಕರಪತ್ರ, ಮದುವೆ ಕಾಗದ, ಹತ್ತನೇ ಕ್ಲಾಸಿನ ಜೀವಶಾಸ್ತ್ರ ಪುಸ್ತಕ ಇದ್ದರೆ ಹಬ್ಬ. ಅರ್ನ್ಸ್ಟ್ ಕೂಡ ಪಾಠೋಪಕರಣಗಳ ಕೆಟಲಾಗ್‌ನಿಂದಲೇ ಶುರು ಮಾಡಿದ್ದು. ಮೊದಲು ಹಿನ್ನೆಲೆಗೆ ಒಂದು ಸಾಧಾರಣ ಕೋಣೆ ಆರಿಸಿ. ಹಿನ್ನೆಲೆಯೂ ವಿಚಿತ್ರ, ಮುಂದಿನದೂ ವಿಚಿತ್ರ ಆದರೆ ಏನೂ ಅನಿಸುವುದಿಲ್ಲ. ಮಾಮೂಲಿ ಸೋಫಾ, ಅದರ ಮೇಲೆ ಸೀಳಿದ ದಾಸವಾಳದ ಚಿತ್ರ. ಎರಡು ವಸ್ತು ಸಾಕು. ಆರು ವಸ್ತು ಹಾಕಿದರೆ ಮದುವೆಯಲ್ಲ, ಜಾತ್ರೆ. ಅಂಟಿಸಿದ ಮೇಲೆ ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿ. ಕತ್ತರಿಸಿದ ಅಂಚುಗಳು ಮಾಯವಾಗಿ ಎಲ್ಲ ಒಂದೇ ಲೋಕದ್ದೆನಿಸುತ್ತದೆ. ಅರ್ನ್ಸ್ಟ್‌ನ ಕೊಲಾಜ್‌ಗಳೂ ಮುದ್ರಣವಾದಾಗಲೇ ಅಂಚು ಕಾಣದ ಹಾಗಾಗುತ್ತಿದ್ದದ್ದು.

ಕಾಗದ ಬೇಡವೆಂದರೆ ವಸ್ತುವನ್ನೇ ತಗೊಳ್ಳಿ. 1936ರಲ್ಲಿ, 22-23ರ ಹರೆಯದ ಮೆರೆಟ್ ಓಪನ್‌ಹೈಮ್ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಪಿಕಾಸೋ, ಡೋರಾ ಮಾರ್ ಜತೆ ಕೂತಿದ್ದಳು. ಅವಳ ಕೈಬಳೆಗೆ ತುಪ್ಪಳ ಹೊದಿಸಿತ್ತು. ಯಾವುದಕ್ಕೆ ಬೇಕಾದರೂ ತುಪ್ಪಳ ಹೊದಿಸಬಹುದು ಎಂಬ ಮಾತು ಬಂತು. ಈ ಕಪ್ಪು-ಸಾಸರಿಗೂ ಹೊದಿಸಬಹುದು ಎಂದಳು. ಅಂಗಡಿಯಿಂದ ಕಪ್ಪು, ಸಾಸರು, ಚಮಚ ತಂದು ಹೊದಿಸಿಯೂಬಿಟ್ಟಳು. ಆ ಕಪ್ಪು ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ಫೋಟೋ ನೋಡಿ, ತುಟಿ ಜುಮ್ಮೆನ್ನದಿದ್ದರೆ ಕೇಳಿ. ಇಡೀ ಚಳವಳಿಯಲ್ಲಿ ಒಂದೇ ಒಂದು ಕೃತಿ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹೆಂಗಸರನ್ನು ಸ್ಫೂರ್ತಿ, ಮಾಯೆ ಎಂದು ಹೊಗಳುತ್ತಾ ಪಕ್ಕಕ್ಕೆ ಕೂರಿಸಿದ ಗುಂಪಿನಲ್ಲಿ ಓಪನ್‌ಹೈಮ್, ಲಿಯೊನೋರಾ ಕ್ಯಾರಿಂಗ್ಟನ್, ರೆಮೆದಿಯೋಸ್ ವಾರೋ ಮಾಡಿದ ಕೆಲಸವೇ ಇವತ್ತಿಗೂ ಹೊಸದಾಗಿ ಕಾಣುತ್ತದೆ.

ಹೆಜ್ಜೆ 6: ಮಗ್ರೀತ್‌ನ ಹಾಗೆ, ಪೂರ್ತಿ ಎಚ್ಚರದಲ್ಲಿ

ಬೆಲ್ಜಿಯಂನ ರೆನೆ ಮಗ್ರೀತ್ ಕೋಟು-ಟೈ ಹಾಕಿಕೊಂಡು ಊಟದ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಮನುಷ್ಯ. ಗುಮಾಸ್ತನ ಹಾಗೆ. ಮಂಪರು, ಉಜ್ಜುವುದು ಅವನಿಗೆ ಹಿಡಿಸಲಿಲ್ಲ. ಅವನದು ಲೆಕ್ಕ ಬಿಡಿಸುವ ರೀತಿ. ಒಂದು ರಾತ್ರಿ ಎಚ್ಚರವಾದಾಗ, ಕೋಣೆಯಲ್ಲಿದ್ದ ಪಂಜರದಲ್ಲಿ ಹಕ್ಕಿಯ ಬದಲು ಮೊಟ್ಟೆ ಕಂಡ ಹಾಗಾಯಿತು. ಆಗ ಹೊಳೆಯಿತು: ದೂರದ ವಸ್ತುಗಳನ್ನು ಸೇರಿಸಲೇಬೇಕೆಂದಿಲ್ಲ. ಪಂಜರಕ್ಕೂ ಮೊಟ್ಟೆಗೂ ಒಳಗೊಳಗೇ ನೆಂಟಸ್ತನವಿದೆ, ಯಾರೂ ನೋಡಿರಲಿಲ್ಲ ಅಷ್ಟೇ. 1933ರಲ್ಲಿ ಪಂಜರ ತುಂಬುವಷ್ಟು ದೊಡ್ಡ ಮೊಟ್ಟೆ ಬರೆದ. ಆಮೇಲೆ ಪ್ರತಿ ವಸ್ತುವನ್ನೂ ಒಂದು ‘ಸಮಸ್ಯೆ’ ಎಂದು ಹಿಡಿದು, ಅದಕ್ಕೆ ಇರುವ ಒಂದೇ ಉತ್ತರವನ್ನು ಹುಡುಕುತ್ತಾ ಹೋದ.

ನೀವು ಅಡುಗೆಮನೆಯಿಂದ ಒಂದು ವಸ್ತು ಆರಿಸಿ. ಈಳಿಗೆಮಣೆ ಅಂದುಕೊಳ್ಳಿ. ಅದರ ಆಕಾರ, ಕೆಲಸ, ಮುಟ್ಟುವ ಕೈ, ಕೇಳುವ ಸದ್ದು ಎಲ್ಲ ಬರೆದುಕೊಳ್ಳಿ. ಅದರಲ್ಲಿ ಅಡಗಿದ ಎರಡನೇ ವಸ್ತು ಯಾವುದು? ಹಂಸದ ಕತ್ತು ಎಂದು ನನ್ನ ಗೆಳತಿ ಒಬ್ಬಳು ಥಟ್ಟನೆ ಹೇಳಿದಳು. ಕೋಣೆಯಲ್ಲಿದ್ದ ನಾವೆಲ್ಲ ‘ಹೌದಲ್ಲ’ ಎಂದೆವು. ಆ ‘ಹೌದಲ್ಲ’ ಬರುವವರೆಗೆ ಬಿಡಬೇಡಿ. ಎರಡು ದಿನವಾದರೂ ಪರವಾಗಿಲ್ಲ.

ಇನ್ನೊಂದು ಅಭ್ಯಾಸ ಹೆಸರಿನದು. 1929ರಲ್ಲಿ ಅವನು ಒಂದು ಪೈಪಿನ ಚಿತ್ರ ಬರೆದು ಕೆಳಗೆ ‘ಇದು ಪೈಪ್ ಅಲ್ಲ’ ಎಂದು ಬರೆದ. ಸರಿಯಾಗೇ ಇದೆ, ಅದಕ್ಕೆ ತಂಬಾಕು ತುಂಬಲು ಬರುವುದಿಲ್ಲ. ಇನ್ನೊಂದು ಸರಣಿಯಲ್ಲಿ ಕುದುರೆಯ ಕೆಳಗೆ ‘ಬಾಗಿಲು’, ಗಡಿಯಾರದ ಕೆಳಗೆ ‘ಗಾಳಿ’ ಎಂದು ಬರೆದು, ಕೊನೆಯ ಚೌಕದಲ್ಲಿ ಮಾತ್ರ ಪೆಟ್ಟಿಗೆಯ ಕೆಳಗೆ ‘ಪೆಟ್ಟಿಗೆ’ ಎಂದು ಸರಿಯಾಗಿ ಬರೆದ. ಒಂದನೇ ಕ್ಲಾಸಿನ ಚಿತ್ರಪಟದ ಹಾಗೆ ನಾಲ್ಕು ಚೌಕ ಮಾಡಿ, ಮೂರಕ್ಕೆ ತಪ್ಪು ಹೆಸರು ಕೊಟ್ಟು ನೋಡಿ. ನಾಲ್ಕನೆಯ ಸರಿ ಹೆಸರೇ ಎಲ್ಲಕ್ಕಿಂತ ಜಾಸ್ತಿ ಅನುಮಾನ ಹುಟ್ಟಿಸುತ್ತದೆ.

ಈ ಹಂತದಲ್ಲಿ ಯಾರಾದರೂ ‘ಇದೆಲ್ಲ ನಮ್ಮ ಬೆಡಗಿನ ವಚನಗಳಲ್ಲೇ ಇತ್ತು’ ಎನ್ನುತ್ತಾರೆ. ಅಲ್ಲಮನ ಸಾಲುಗಳಲ್ಲಿ ಇಂಥ ಬೆಚ್ಚಿಬೀಳಿಸುವ ಚಿತ್ರಗಳಿರುವುದು ನಿಜ. ಆದರೆ ಬೆಡಗಿನಲ್ಲಿ ಗಂಟು ಇದೆ, ಬಿಚ್ಚುವ ಟೀಕೆಯೂ ಇದೆ. ಸರ್ರಿಯಲಿಸ್ಟರ ಗಂಟಿಗೆ ಒಳಗೆ ಏನೂ ಕಟ್ಟಿಟ್ಟಿರುವುದಿಲ್ಲ. ಮೊಟ್ಟೆ ಅಂದರೆ ಆತ್ಮ, ಪಂಜರ ಅಂದರೆ ದೇಹ ಎಂದು ಯಾರಾದರೂ ಬಿಡಿಸಿ ಹೇಳಿದರೆ ಮಗ್ರೀತ್‌ಗೆ ಕಿರಿಕಿರಿಯಾಗುತ್ತಿತ್ತು.

ನಡುವೆ ಸ್ವಲ್ಪ ರಾಜಕೀಯ

ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಹುಪಾಲು ಜಗಳವೇ. ಕನಸು ಬಿಡುಗಡೆಯಾದರೆ ಸಾಲದು, ಬದುಕೂ ಬದಲಾಗಬೇಕು ಎಂದು ಬ್ರೆತೋಂ ಮತ್ತು ಕೆಲವರು 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಸಂಸಾರ ಬಾಳಲಿಲ್ಲ. ಬ್ರೆತೋಂ ತನ್ನ ಗುಂಪಿನಿಂದಲೂ ಒಬ್ಬೊಬ್ಬರನ್ನೇ ಹೊರಗೆ ಹಾಕುತ್ತಾ ಹೋದ. ಬುದ್ಧಿಯ ಹಿಡಿತ ಬೇಡವೆಂದವನ ಹಿಡಿತ ಅಷ್ಟು ಬಿಗಿ. ಆದರೆ 1931ರಲ್ಲಿ ಪ್ಯಾರಿಸ್ ತನ್ನ ವಸಾಹತುಗಳ ವೈಭವ ತೋರಿಸಲು ದೊಡ್ಡ ಪ್ರದರ್ಶನ ಇಟ್ಟಾಗ, ‘ಅದನ್ನು ನೋಡಲು ಹೋಗಬೇಡಿ’ ಎಂದು ಕರಪತ್ರ ಹಂಚಿದವರೂ ಇವರೇ. ಆಗ ಆ ಮಾತು ಹೇಳುವ ಫ್ರೆಂಚ್ ಕಲಾವಿದರು ಬಹಳ ಇರಲಿಲ್ಲ.

ಹೆಜ್ಜೆ 7: ಡಾಲಿಯ ಬೀಗದ ಕೈ

ಕೊನೆಗೆ ಆ ಕರಗುವ ಗಡಿಯಾರದವನು. ಸಾಲ್ವಡಾರ್ ಡಾಲಿ ಗುಂಪಿಗೆ ಬಂದದ್ದು ತಡವಾಗಿ, 1929ರಲ್ಲಿ. ಗಡಿಯಾರದ ಚಿತ್ರ 1931ರದ್ದು, ಅಳತೆ ಬರೀ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ನಿಮ್ಮ ಮೇಜಿನ ಮೇಲಿನ ಎ-4 ಹಾಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಿಂದಿನ ಬಂಡೆಗಳು ಅವನ ಊರಿನ ಕಡಲ ತೀರದ ನಿಜವಾದ ಬಂಡೆಗಳು. ಗಡಿಯಾರ ಹೊಳೆದದ್ದು ಊಟದ ಮೇಲೆ ಉಳಿದ ಮೆತ್ತನೆಯ ಚೀಸ್ ನೋಡಿ ಎಂದು ಅವನೇ ಹೇಳಿದ್ದಾನೆ. 1938ರಲ್ಲಿ ಲಂಡನ್ನಿನಲ್ಲಿ ಅವನು ಮುದುಕ ಫ್ರಾಯ್ಡ್‌ನನ್ನು ಕಂಡ. ಸರ್ರಿಯಲಿಸ್ಟರು ಪೂರಾ ಹುಚ್ಚರು, ಸ್ಪಿರಿಟ್ಟಿನ ಹಾಗೆ ಶೇಕಡ 95 ಅನ್ನಿ ಬೇಕಾದರೆ ಎಂದು ಅಂದುಕೊಂಡಿದ್ದ ಫ್ರಾಯ್ಡ್, ಈ ಸ್ಪೇನಿನ ಹುಡುಗನನ್ನು ನೋಡಿ ಮನಸ್ಸು ಬದಲಾಯಿತು ಎಂದು ಮರುದಿನ ಗೆಳೆಯನಿಗೆ ಬರೆದ. ಬ್ರೆತೋಂಗೆ ಸಿಗದೇ ಹೋದ ಮಾತು ಡಾಲಿಗೆ ಸಿಕ್ಕಿತು. ಮರು ವರ್ಷದ ಹೊತ್ತಿಗೆ ಬ್ರೆತೋಂ ಡಾಲಿಯನ್ನು ದೂರ ಮಾಡಿದ. ಅವನ ಹಣದ ಆಸೆ ಹಂಗಿಸಲು ಹೆಸರಿನ ಅಕ್ಷರ ಅದಲುಬದಲು ಮಾಡಿ ‘ಅವಿದಾ ಡಾಲರ್ಸ್’ ಎಂದು ಕರೆದವನೂ ಅವನೇ.

ಡಾಲಿಯ ಒಂದು ಉಪಾಯವನ್ನಂತೂ ಮಾಡಿಯೇ ನೋಡಬೇಕು. 1948ರಲ್ಲಿ ಅವನೇ ಬರೆದಿಟ್ಟದ್ದು. ಮಧ್ಯಾಹ್ನ ಊಟವಾದ ಮೇಲೆ ಕೈಯಿರುವ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಆನಿಸಿ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಭಾರದ ಬೀಗದ ಕೈ ಹಿಡಿದುಕೊಳ್ಳಿ. ಅದರ ಕೆಳಗೆ ನೆಲದ ಮೇಲೆ ತಟ್ಟೆ ಬೋರಲು ಹಾಕಿ. ಜೊಂಪು ಹತ್ತಿದ ಗಳಿಗೆಯಲ್ಲಿ ಬೆರಳು ಸಡಿಲವಾಗುತ್ತದೆ, ಬೀಗದ ಕೈ ತಟ್ಟೆಗೆ ಬೀಳುತ್ತದೆ, ನೀವು ಏಳುತ್ತೀರಿ. ಕನಸಿನ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ ಬಂದ ಹಾಗೆ.

ಭಾರದ ಬೀಗದ ಕೈ ಈಗ ಯಾರ ಮನೆಯಲ್ಲಿದೆ? ಸ್ಟೀಲ್ ಸೌಟು, ಸ್ಟೀಲ್ ತಟ್ಟೆ ಸಾಕು. ಮನೆಯವರಿಗೆ ಮುಂಚೆಯೇ ಹೇಳಿಡಿ. ನಾನು ಹೇಳದೆ ಮಾಡಿ, ಪಕ್ಕದ ಕೋಣೆಯಿಂದ ಅಮ್ಮ ಬೆಕ್ಕು ಓಡಿಸಲು ಕೋಲು ಹಿಡಿದು ಬಂದಿದ್ದರು. ಎರಡು-ಮೂರು ಸಲ ಬರೀ ಕತ್ತಲು ಕಾಣಬಹುದು. ಆಮೇಲೊಂದು ಸಲ ಚೂಪಾದ, ಬಣ್ಣದ, ಅರ್ಧ ಸೆಕೆಂಡಿನ ಚಿತ್ರ ಸಿಗುತ್ತದೆ. ಹಾಳೆ ತೊಡೆಯ ಮೇಲೇ ಇರಲಿ. ಕಂಡದ್ದನ್ನು ಮೊದಲು ಬರೆಯಿರಿ, ಸೌಟು ಆಮೇಲೆ ಎತ್ತಿಕೊಂಡರಾಯಿತು.